ಅತ್ತೆಯ ಚಿನ್ನದ ಕೊಡೆ

ಇಷ್ಟಕ್ಕೆಲ್ಲ ಕಾರಣ ಆರಿಸಪ್ಪನ ಬಲ ಅಂಗೈ. ಮಿಕ್ಕ ಮೈಯೆಲ್ಲ ಬಲು ಪಾಪದ್ದು. ಅವನದು ವಿದ್ಯುತ್ ಕಚೇರಿಯಲ್ಲಿ ಕೆಲಸ, ಮನೆಮನೆಗೆ ಹೋಗಿ ಮೀಟರ್ ಓದುವುದು. ಕಂಡವರ ಮನೆಯ ಮೀಟರು ತಿರುಗುವುದನ್ನು ದಿನವಿಡೀ ನೋಡಿ ನೋಡಿ, ಯಾರೂ ಇಲ್ಲದ ಕೋಣೆಯಲ್ಲಿ ಒಂದು ಫ್ಯಾನು ಸುತ್ತುತ್ತಿದ್ದರೂ ಸಾಕು, ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದೊಂದೇ ಸ್ವಿಚ್ಚನ್ನು ಹುಡುಕಿ ಆರಿಸುವಷ್ಟು ತಾಳ್ಮೆ ಅವನಿಗಿಲ್ಲ. ಬೋರ್ಡಿನ ಮುಂದೆ ಹಾದು ಹೋಗುವಾಗ ಅಂಗೈ ಇಟ್ಟು ಸಾಲಿನ ಉದ್ದಕ್ಕೂ ಒಮ್ಮೆ ಸವರಿದನೆಂದರೆ ಅಷ್ಟೂ ಸ್ವಿಚ್ಚು ಒಟ್ಟಿಗೇ ಮಲಗಿಬಿಡುತ್ತಿದ್ದವು. ಆ ಕೈಗೆ ಅವನ ಅಪ್ಪಣೆಯೂ ಬೇಕಿರಲಿಲ್ಲ. ಆರಿಸಪ್ಪ ಅನ್ನುವ ಹೆಸರು ಬೀದಿಯವರು ಇಟ್ಟದ್ದು. ಹುಟ್ಟಿದಾಗ ಇಟ್ಟ ಹೆಸರು ಹೆಂಡತಿಯೊಬ್ಬಳಿಗೆ ನೆನಪಿತ್ತು, ಅವಳು ಕರೆಯುತ್ತಿದ್ದುದು "ರೀ" ಎಂದಾದ್ದರಿಂದ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ.

ಮನೆ ಅತ್ತೆಯದು. ಅತ್ತೆ ಹೆಂಗಸರ ಜೈಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತರಾದವರು. ಈಗಲೂ ರಾತ್ರಿ ಬಾಗಿಲು ಹಾಕುವ ಮೊದಲು ಮನೆಯ ಮೂರೂ ಜನವನ್ನು, ತಮ್ಮನ್ನೂ ಸೇರಿಸಿ, ಎಣಿಸಿಯೇ ಮಲಗುತ್ತಿದ್ದರು. ಅವರು ಗದರಿದರೆ ಆರಿಸಪ್ಪನಿಗೆ ಅಷ್ಟು ಭಯವಾಗುತ್ತಿರಲಿಲ್ಲ. ದನಿ ತಗ್ಗಿಸಿ, ಬಹುವಚನ ಹಾಕಿ, "ಅಳಿಯಂದ್ರೇ" ಅಂದರೆ ಮಾತ್ರ ಕೂತಿದ್ದವನು ಎದ್ದು ನಿಲ್ಲುತ್ತಿದ್ದ. ಒಮ್ಮೆ ಊರಿಗೆ ಊರೇ ಕರೆಂಟು ಹೋದಾಗಲೂ ಅವರು ಟಾರ್ಚು ಹಿಡಿದು ನೇರ ಇವನ ಕೋಣೆಗೆ ಬಂದು, ಮುಖದ ಮೇಲೆ ಬೆಳಕು ಬಿಟ್ಟು, "ಅಳಿಯಂದ್ರೇ, ಕೈ ತೋರ್ಸಿ" ಅಂದಿದ್ದರು. ಅವನು ತೋರಿಸಿದ್ದ. ಊರಿನ ಕರೆಂಟು ತೆಗೆದದ್ದು ತಾನಲ್ಲ ಎಂದು ಹೇಳುವಾಗ ಅವನಿಗೇ ತನ್ನ ಮಾತಿನ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಹೋದ ತಿಂಗಳು ಆ ಅಂಗೈ ಅತ್ತೆಯ ಮೀನಿನ ತೊಟ್ಟಿಗೆ ಗಾಳಿ ಊದುವ ಯಂತ್ರದ ಸ್ವಿಚ್ಚನ್ನೂ ಸವರಿಬಿಟ್ಟಿತ್ತು. ಬೆಳಗ್ಗೆ ಎದ್ದು ನೋಡಿದರೆ ಬಣ್ಣದ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅವತ್ತು ಅತ್ತೆಯ ವಾಕಿಂಗ್ ಗೆಳತಿಯರೂ ಮನೆಯಲ್ಲಿದ್ದರು. ಅವರೆಲ್ಲರ ಎದುರಿಗೆ ಅತ್ತೆ ದನಿ ತಗ್ಗಿಸಿದರು. "ಅಳಿಯಂದ್ರೇ, ಈ ಕೈ ನನ್ನ ಇನ್ನೊಂದು ವಸ್ತು ಆರ್ಸಿದ್ರೆ, ಅವತ್ತೇ ಗಂಟುಮೂಟೆ ಕಟ್ಟಿ." ರಾತ್ರಿ ಹೆಂಡತಿಯ ಹತ್ತಿರ ಹೇಳಿಕೊಂಡರೆ ಅವಳು ಅಮ್ಮ ಒಂದು ಮಾತು ಅಂದರೆ ಮುಗಿಯಿತು ಎಂದಳು. ತನಗಂತೂ ಆಸ್ಪತ್ರೆಯ ಕೆಲಸಕ್ಕೆ ಹೋಗಿ ಬರಲು ಇಲ್ಲಿಂದಲೇ ಹತ್ತಿರ, ತಾನು ಬರುವುದಿಲ್ಲ, ಭಾನುವಾರ ಬಂದು ನೋಡಿಕೊಂಡು ಹೋಗುತ್ತೇನೆ ಎಂದು ಮಗ್ಗುಲಾದಳು. ಆರಿಸಪ್ಪನಿಗೆ ನಿದ್ದೆ ಹತ್ತಲಿಲ್ಲ. ಮದುವೆಗೆ ಮುಂಚೆ ಅವನಿದ್ದದ್ದು ಕಚೇರಿಯ ಉಗ್ರಾಣದ ಮೇಲಿನ ಒಂಟಿ ಕೋಣೆಯಲ್ಲಿ. ಅಲ್ಲಿ ಮಾತಾಡಿಸುವವರಿರಲಿಲ್ಲ, ಆರಿಸಲಿಕ್ಕೂ ಒಂದೇ ಒಂದು ಬಲ್ಬು. ಮತ್ತೆ ಅಲ್ಲಿಗೆ ಹೋಗಬೇಕಾದೀತು ಎಂದು ನೆನೆದು ಎದ್ದು ಕೂತ.

ಇನ್ನು ಕೊಡೆಯ ವಿಷಯ. ನಿವೃತ್ತಿಯ ಮೇಲೆ ಅತ್ತೆ ಹೊತ್ತು ಹೋಗದೆ, ಮಗಳು ಚಿಕ್ಕವಳಿದ್ದಾಗ ಆಡುತ್ತಿದ್ದ ಹಳೆಯ ವಿಡಿಯೋ ಗೇಮನ್ನು ಅಟ್ಟದಿಂದ ಇಳಿಸಿ ಟಿವಿಗೆ ಹಾಕಿಸಿಕೊಂಡಿದ್ದರು. ಅದರಲ್ಲಿ ಒಬ್ಬ ಗಿಡ್ಡ ಮಾಲಿ ಇರುತ್ತಾನೆ. ಅವನನ್ನು ಓಡಿಸುತ್ತ ಗುಂಡಿ ಹಾರಿಸಬೇಕು, ಮುಳ್ಳುಬೇಲಿ ದಾಟಿಸಬೇಕು, ಬಸವನಹುಳುಗಳ ತಲೆ ಮೆಟ್ಟಿಸಬೇಕು. ಹೀಗೆ ಆರು ತೋಟ ಮುಗಿದರೆ ಏಳನೆಯದು ಗುಡುಗಿನ ಕೋಟೆ. ಅಲ್ಲಿ ಮೇಲಿಂದ ಸಿಡಿಲು ಸುರಿಯುತ್ತಲೇ ಇರುತ್ತದೆ, ಬರಿಗೈಯಲ್ಲಿ ಹೋದವನು ಬೂದಿ. ಅದಕ್ಕೆ ಬೇಕಾದ್ದು ಚಿನ್ನದ ಕೊಡೆ. ಆರನೇ ತೋಟದಲ್ಲಿ ಎಲ್ಲೋ ಬಚ್ಚಿಟ್ಟಿರುತ್ತದೆ, ಇಡೀ ಆಟಕ್ಕೆ ಒಂದೇ. ಅದು ಸಿಕ್ಕಿದರೆ ಗಿಡ್ಡ ಮಾಲಿ ಆಳೆತ್ತರ ಬೆಳೆದು, ಕೊಡೆ ಬಿಚ್ಚಿ ಗಾಳಿಯಲ್ಲಿ ತೇಲುತ್ತಾನೆ, ಸಿಡಿಲು ಅವನಿಗೆ ತಾಕುವುದಿಲ್ಲ. ಆದರೆ ದಾರಿಯಲ್ಲಿ ಒಂದು ಬಸವನಹುಳು ಮೈಗೆ ಸೋಕಿತೋ, ಕೊಡೆ ಹೋಯಿತು. ಜೊತೆಗೆ ಆ ಹಳೇ ಪೆಟ್ಟಿಗೆಗೆ ಜ್ಞಾಪಕಶಕ್ತಿ ಅನ್ನುವುದೇ ಇರಲಿಲ್ಲ. ಆರಿಸಿದರೆ ಎಲ್ಲವನ್ನೂ ಮರೆತು ಮತ್ತೆ ಮೊದಲನೇ ತೋಟದ ಬಾಗಿಲಿಗೆ ತಂದು ನಿಲ್ಲಿಸುತ್ತಿತ್ತು. ನಡುವೆ ಎದ್ದು ಹೋಗುವವರು ಆಟ ತಡೆದು ನಿಲ್ಲಿಸಿ, ಪೆಟ್ಟಿಗೆ ಆರಿಸದೆ ಹೋಗಬೇಕು.

ಅತ್ತೆ ಈ ಆಟವನ್ನು ಬಾಗಿಲು ಹಾಕಿಕೊಂಡು ಆಡುತ್ತಿದ್ದರು. ಬೆಳಗಿನ ವಾಕಿಂಗಿನಲ್ಲಿ ಮಾತ್ರ ದಿನವೂ ವರದಿ ಹೋಗುತ್ತಿತ್ತು, ಇವತ್ತು ನಾಲ್ಕನೇ ತೋಟ, ಇವತ್ತು ಐದನೆಯದು ಎಂದು. ಗೆಳತಿಯರಲ್ಲಿ ಒಬ್ಬರು ಪೋಸ್ಟ್ ಆಫೀಸು ನಡೆಸಿ ನಿವೃತ್ತರಾದವರು, ಎಲ್ಲರೂ ಕರೆಯುತ್ತಿದ್ದುದು ಪೋಸ್ಟಮ್ಮ ಎಂದು. ಮುದ್ರೆ ಬೀಳದ ಯಾವುದನ್ನೂ ಅವರು ನಂಬಿದವರಲ್ಲ. ಕಣ್ಣಾರೆ ಕಂಡ ಮೇಲೆ ಒಪ್ಪಿಕೊಳ್ಳುತ್ತೇನೆ ಎಂದು ಒಂದು ದಿನ ಅವರು ಹೇಳಿದರು. ಹಾಗಿದ್ದರೆ ಬಂದು ನೋಡಿ ಎಂದು ಅತ್ತೆಯೂ ಹೇಳಿಬಿಟ್ಟರು.

ಆ ನೋಡುವ ದಿನ ಆರಿಸಪ್ಪನಿಗೆ ರಜೆ. ಗೆಳತಿಯರೆಲ್ಲ ಊರಾಚೆಯ ಕೆರೆಯ ಕಡೆ ಹೋಗಿ ದಿನ ಕಳೆದು, ಸಂಜೆ ಇಲ್ಲಿಗೆ ಬರುವುದೆಂದು ಗೊತ್ತಾಗಿತ್ತು. ಹೆಂಡತಿ ಆಸ್ಪತ್ರೆಗೆ ಹೊರಟುಹೋಗಿದ್ದಳು. ಅತ್ತೆ ಹೊರಡುವ ಮುಂಚೆ ಅವನನ್ನು ಹಜಾರಕ್ಕೆ ಕರೆದರು. ಟಿವಿಯ ಮೇಲೆ ದಪ್ಪನೆಯ ಹಾಸುಬಟ್ಟೆ ಹೊದಿಸಿತ್ತು.

"ಅಳಿಯಂದ್ರೇ, ಏಳನೇ ಕೋಟೆ ಬಾಗಿಲಲ್ಲಿ ನಿಂತಿದೀನಿ. ಕೈಯಲ್ಲಿ ಚಿನ್ನದ ಕೊಡೆ ಇದೆ. ಸಂಜೆ ಎಲ್ರ ಎದುರಿಗೆ ಆಟ ಮುಗಿಸ್ತೀನಿ. ಅಲ್ಲೀವರೆಗೂ ಇದು ಆರಬಾರದು."

ಯಾವ ಸ್ವಿಚ್ಚು ಎಂದು ಅವನು ಕೇಳಿರಲಿಲ್ಲ. ಅವರೇ ಬೋರ್ಡಿನ ಹತ್ತಿರ ಕರೆದೊಯ್ದು, ಫ್ಯಾನಿನ ಸ್ವಿಚ್ಚಿನ ಪಕ್ಕದ್ದು, ಈ ಕೆಂಪನೆಯದು ಎಂದು ಬೆರಳಿಟ್ಟು ತೋರಿಸಿದರು, ಮತ್ತೆ ಮತ್ತೆ ತೋರಿಸಿದರು. ಫ್ಯಾನು ಜೋರಾಗಿ ತಿರುಗುತ್ತಿತ್ತು. ಪೆಟ್ಟಿಗೆ ಬಿಸಿಯಾಗುತ್ತದೆ, ಅದು ಹಾಗೇ ತಿರುಗಲಿ ಎಂದರು. ಆರಿಸಪ್ಪ, ಇಂಥ ಜವಾಬ್ದಾರಿ ತನಗೆ ಬೇಡ, ಹೆಂಡತಿ ರಜೆ ಹಾಕಬಹುದಿತ್ತು ಎಂದು ಗೊಣಗಿದ. "ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ" ಎಂದರು ಅತ್ತೆ. ಆ ಮನೆಗೆ ಬಂದ ಮೇಲೆ ಅವನು ಈ ಮಾತು ಕೇಳಿದ್ದು ಇದೇ ಮೊದಲು, ಕೇಳಿ ಅವನಿಗೆ ಇನ್ನಷ್ಟು ಭಯವಾಯಿತು.

ಅವರು ಹೋದ ಮೇಲೆ ಆರಿಸಪ್ಪ ಬಲಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ ಅಡುಗೆಮನೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ. ಹಜಾರದಿಂದ ಫ್ಯಾನಿನ ಸದ್ದು ಬರುತ್ತಿತ್ತು. ಖಾಲಿ ಹಜಾರ, ಕೆಳಗೆ ಒಂದು ಇರುವೆಯೂ ಇಲ್ಲ, ಫ್ಯಾನು ಮಾತ್ರ ಗರಗರ ಅನ್ನುತ್ತಿದೆ. ಅವನು ಕಿವಿ ಮುಚ್ಚಿಕೊಂಡ. ಎಡಗೈಯೊಂದೇ ಇದ್ದದ್ದರಿಂದ ಒಂದೇ ಕಿವಿ ಮುಚ್ಚಿತು.

ಅಷ್ಟರಲ್ಲಿ ಹಜಾರದ ಕಿಟಕಿಯಿಂದ ಗೋಡೆಯಾಚೆಯ ಅಕ್ಕ ಕೂಗಿದರು. ಅಕ್ಕ ಪಕ್ಕದ ಮನೆಯವರು, ಕೆಟ್ಟವರಲ್ಲ, ಆದರೆ ಬೀದಿಯಲ್ಲಿ ಒಂದು ಎಲೆ ಬಿದ್ದರೂ ಯಾಕೆ ಬಿತ್ತು ಎಂದು ವಿಚಾರಿಸದೆ ಬಿಟ್ಟವರಲ್ಲ. ಅತ್ತೆ ಎಲ್ಲಿಗೆ ಹೋದರು, ಯಾವಾಗ ಬರುತ್ತಾರೆ, ನೀನ್ಯಾಕೆ ಜೇಬಲ್ಲಿ ಕೈ ಇಟ್ಟುಕೊಂಡು ಒಂಟಿಗೂಬೆಯ ಹಾಗೆ ಕೂತಿದ್ದೀಯ ಎಂದು ಒಂದರ ಹಿಂದೆ ಒಂದು ಕೇಳಿದರು. ಇವನು ಕಿಟಕಿಯವರೆಗೆ ಬಂದು ಎಲ್ಲಕ್ಕೂ ಉತ್ತರ ಕೊಟ್ಟ. ಕೊನೆಗೆ ಅವರು ತಮ್ಮ ಮನೆಯ ಮೀಟರು ಈಚೆಗೆ ಬಹಳ ಜೋರಾಗಿ ಓಡುತ್ತಿದೆಯೆಂದರು. ಮೀಟರಿನ ಮಾತು ಬಂದರೆ ಅವನಿಗೆ ಹಸಿವು ನೀರಡಿಕೆ ಮರೆಯುತ್ತದೆ. ಜೇಬಿನಿಂದ ಕೈ ತೆಗೆದು, ಬೆರಳು ಮಡಿಸಿ ಮಡಿಸಿ, ಯಾವ ಯಾವ ಸಾಮಾನು ಎಷ್ಟೆಷ್ಟು ಕರೆಂಟು ತಿನ್ನುತ್ತದೆಂದು ವಿವರಿಸಿದ. ಸುಮ್ಮನೆ ತಿರುಗುವ ಫ್ಯಾನಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ ಅಕ್ಕಾ ಎಂದ. ಹಾಗನ್ನುತ್ತ ವಾಪಸು ಹೊರಟ. ಹೊರಟವನು ಬೋರ್ಡಿನ ಮುಂದೆ ಹಾದುಹೋದ.

ಮೊದಲು ಅವನಿಗೆ ಆದದ್ದು ಸಮಾಧಾನ. ಆಹಾ, ಎಷ್ಟು ಶಾಂತವಾಗಿದೆ ಅಂದುಕೊಂಡ. ಆಮೇಲೆ ತನ್ನ ಅಂಗೈ ಎಲ್ಲಿದೆ ಎಂದು ನೋಡಿದ. ಸಾಲಿನ ಕೊನೆಯ ಕೆಂಪು ಸ್ವಿಚ್ಚಿನ ಮೇಲಿತ್ತು.

ಅವನ ಬಾಯಿಂದ ಹೊರಟ ಸದ್ದಿಗೆ ಅಕ್ಕ ಅರ್ಧ ದಾರಿಯಿಂದ ಓಡಿಬಂದರು. ಆರಿಸಪ್ಪ ಸ್ವಿಚ್ಚುಗಳನ್ನೆಲ್ಲ ಮತ್ತೆ ಹಾಕಿ, ಟಿವಿಯ ಮೇಲಿನ ಬಟ್ಟೆ ಎತ್ತಿದ. ಗಿಡ್ಡ ಮಾಲಿ ಟೋಪಿ ಎತ್ತಿ ಕೈಬೀಸುತ್ತಿದ್ದ. ಮೊದಲನೇ ತೋಟ. ಕೊಡೆಯಿಲ್ಲ, ಕೋಟೆಯಿಲ್ಲ. ಉಗ್ರಾಣದ ಮೇಲಿನ ಕೋಣೆಯ ಬಲ್ಬು ಕಣ್ಣ ಮುಂದೆ ಬಂತು. ಅವನು ನೆಲದ ಮೇಲೆ ಕುಕ್ಕರಿಸಿ, ಮುಗೀತು ಅಕ್ಕಾ, ನನ್ನ ಕತೆ ಮುಗೀತು ಎಂದು ಅತ್ತೇಬಿಟ್ಟ.

ಅಕ್ಕನಿಗೆ ಕರುಳು ಚುರುಕ್ಕೆಂದಿತು. ಈ ವಿಷಯ ತನ್ನ ಬಾಯಿಂದ ಹೊರಗೆ ಹೋಗುವುದಿಲ್ಲವೆಂದು ಭಾಷೆ ಕೊಟ್ಟು, ಸಂಜೆಯೊಳಗೆ ಆಟವನ್ನು ಮತ್ತೆ ಏಳನೇ ಕೋಟೆಗೆ ಮುಟ್ಟಿಸಲು, ಹೋಗಿ ಬೀದಿಯ ತುದಿಯ ದರ್ಜಿಯನ್ನು ಕರೆತಂದರು. ಹೋಗುವಾಗ ಸಿಕ್ಕಿದವರಿಗೆ ಯಾಕೆ ಹೋಗುತ್ತಿದ್ದೇನೆಂದು, ಬರುವಾಗ ಸಿಕ್ಕಿದವರಿಗೆ ಯಾಕೆ ಕರೆದುಕೊಂಡು ಬರುತ್ತಿದ್ದೇನೆಂದು ಹೇಳಿದ್ದು ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ.

ದರ್ಜಿಯ ಕತೆ ಏನೆಂದರೆ, ಹರೆಯದಲ್ಲಿ ಅವನು ಗಂಟೆಯ ಬಾಡಿಗೆಗೆ ಆಟ ಆಡಿಸುವ ಒಂದು ಅಂಗಡಿಯಲ್ಲೇ ಬಿದ್ದುಕೊಂಡಿದ್ದು, ಈ ಗಿಡ್ಡ ಮಾಲಿಯ ದೆಸೆಯಿಂದ ಹತ್ತನೇ ತರಗತಿಯಲ್ಲಿ ಡುಮ್ಕಿ ಹೊಡೆದಿದ್ದ. ಹೊಲಿಗೆ ಮಿಷನ್ನಿಗೆ ಅವನನ್ನು ಕೂರಿಸಿದ್ದೇ ಈ ಆಟ ಬಿಡಿಸಲಿಕ್ಕೆ. ಮಾಲಿಯನ್ನು ಕಂಡ ಕೂಡಲೇ ಅವನ ಮುಖ ಹಳೆಯ ಪ್ರೀತಿಯನ್ನು ಕಂಡವನ ಮುಖದಂತಾಯಿತು. ಆದರೆ ಆಸ್ಪತ್ರೆಯವರ ಬಿಳಿ ಕೋಟುಗಳಿಗೆ ಗುಂಡಿ ಹಚ್ಚಿ ಸಂಜೆಯೊಳಗೆ ಕೊಡಬೇಕೆಂದು ತಲೆ ಕೆರೆದುಕೊಂಡ.

"ನೀವು ಗುಂಡಿ ಹೊಲೀರಿ, ಆರಿಸಪ್ಪನೋರೇ. ನಾನು ಗುಂಡಿ ಹಾರ್ತೀನಿ."

ಹೀಗೆ ಆರಿಸಪ್ಪನ ಮಡಿಲಿಗೆ ಕೋಟುಗಳ ರಾಶಿ ಬಂದು ಬಿತ್ತು. ಜನ್ಮದಲ್ಲಿ ಸೂಜಿ ಹಿಡಿದವನಲ್ಲ. ದರ್ಜಿ ಒಂದೊಂದು ಸಲ ಮಾಲಿಯನ್ನು ಹಾರಿಸುವಾಗಲೂ ಇವನ ಜೀವ ಜೊತೆಗೆ ಹಾರಿ, ಸೂಜಿ ಬೆರಳಿಗೆ ಚುಚ್ಚುತ್ತಿತ್ತು. ಮೊದಲನೇ ತೋಟ ಸಲೀಸಾಗಿ ಹೋಯಿತು. ಎರಡನೆಯದರಲ್ಲಿ ಎಲ್ಲಿ ನೆಲ ಕುಸಿಯುತ್ತದೆಂದು ದರ್ಜಿಗೆ ಮರೆತುಹೋಗಿ ಮಾಲಿ ಪಾತಾಳಕ್ಕೆ ಹೋದ. ಅಕ್ಕ ಹಿಂದೆ ನಿಂತು, ಬಲಕ್ಕೆ ಹೋಗಪ್ಪ, ಅಯ್ಯೋ ಹುಳ ಬಂತು, ಅದನ್ನು ಮಾತಾಡಿಸಬೇಡ ಎಂದು ಬುದ್ಧಿ ಹೇಳುತ್ತಿದ್ದರು. ಹೇಳಿದ್ದು ಕೇಳಿ ದರ್ಜಿ ಬಲಕ್ಕೆ ಹೋದ, ಅಲ್ಲಿ ಮುಳ್ಳುಬೇಲಿ ಇತ್ತು. ಮತ್ತೆ ಮೊದಲಿನಿಂದ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಕಿಟಕಿಯ ತುಂಬ ತಲೆಗಳು. ಬೀದಿಯಲ್ಲಿ ಹೋಗುವವರು ನಿಂತು, ಎಷ್ಟನೇ ತೋಟ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು. ಆರಿಸಪ್ಪ ಒಬ್ಬೊಬ್ಬರಿಗೂ ಕೈಮುಗಿದು, ಅತ್ತೆಗೆ ಹೇಳಬೇಡಿ ಎಂದು ಬೇಡಿಕೊಂಡ.

ನಾಲ್ಕನೇ ತೋಟದಲ್ಲಿದ್ದಾಗ ಫೋನು ಬಂತು. ಅತ್ತೆ. ಅವನು ಕೈಸನ್ನೆ ಮಾಡಿ ಎಲ್ಲರ ಬಾಯಿ ಮುಚ್ಚಿಸಿದ.

"ಅಳಿಯಂದ್ರೇ, ಆರಿಲ್ಲ ತಾನೆ?"

"ಇಲ್ಲ ಅತ್ತೆ, ಖಂಡಿತ ಆರಿಲ್ಲ."

"ಫ್ಯಾನು?"

"ತಿರುಗ್ತಾ ಇದೆ ಅತ್ತೆ."

"ನೀವು ಆ ಬೋರ್ಡಿನ ಹತ್ರ ಹೋಗೇ ಇಲ್ವಾ?"

ಇಲ್ಲವೇ ಇಲ್ಲವೆಂದು ಅವನು ಆಣೆ ಮಾಡಿದ. ಅತ್ತೆ ಒಂದು ದೊಡ್ಡ ಉಸಿರು ಬಿಟ್ಟು ಫೋನಿಟ್ಟರು. ಕೈದಿಗಳ ಸುಳ್ಳನ್ನು ಗೋಡೆಯಾಚೆಯಿಂದಲೇ ಹಿಡಿಯುತ್ತಿದ್ದ ಹೆಂಗಸು, ಇವರಿಗೆ ವಾಸನೆ ಹತ್ತಿದೆ ಎಂದು ಅವನಿಗೆ ಖಾತ್ರಿಯಾಯಿತು. ಸೂಜಿಗೆ ದಾರ ಪೋಣಿಸಲು ಹೋದರೆ ಕಣ್ಣೇ ಕಾಣಿಸಲಿಲ್ಲ, ಅಕ್ಕ ಪೋಣಿಸಿಕೊಟ್ಟರು.

ಆರನೇ ತೋಟಕ್ಕೆ ಬರುವಾಗ ಮಾಲಿಗೆ ಉಳಿದಿದ್ದು ಒಂದೇ ಜೀವ. ಅಲ್ಲಿ ಸಾಲಾಗಿ ಮೂರು ಪಾಳುಬಾವಿ. ಒಂದರೊಳಗೆ ಕೊಡೆಯಿದೆ, ಮಿಕ್ಕ ಎರಡಕ್ಕೆ ಇಳಿದವನು ಸತ್ತ. ಯಾವುದು ಎನ್ನುವುದು ದರ್ಜಿಗೆ ನೆನಪಿಗೆ ಬರುತ್ತಿಲ್ಲ. ಹಣೆ ಒತ್ತಿಕೊಂಡ, ಆ ಅಂಗಡಿಯ ಬೆಂಚು ನೆನಪಾಯಿತು, ಪಕ್ಕದಲ್ಲಿ ಕೂರುತ್ತಿದ್ದವನು ನೆನಪಾದ, ಹುಡುಕಿಕೊಂಡು ಬಂದು ಕಿವಿ ಹಿಂಡಿದ ಅಪ್ಪ ನೆನಪಾದರು, ಬಾವಿ ಮಾತ್ರ ನೆನಪಾಗಲಿಲ್ಲ. ಕಿಟಕಿಯವರು ತಲೆಗೊಂದು ಬಾವಿ ಸೂಚಿಸಿದರು. ಆರಿಸಪ್ಪ ಕೋಟಿನಿಂದ ಮುಖ ಮುಚ್ಚಿಕೊಂಡು, ಎಲ್ಲಿಗಾದರೂ ಹಾರು, ಬೇಗ ಹಾರು ಎಂದ. ದರ್ಜಿ ನಡುವಿನದಕ್ಕೆ ಹಾರಿದ.

ಗಂಟೆ ಬಾರಿಸಿದಂಥ ಸದ್ದಾಯಿತು. ಆರಿಸಪ್ಪ ಕೋಟು ಸರಿಸಿ ನೋಡಿದರೆ ಬಾವಿಯೊಳಗಿಂದ ಮಾಲಿ ಎದ್ದು ಬರುತ್ತಿದ್ದ, ಮೊದಲಿನ ಎರಡರಷ್ಟು ಎತ್ತರ, ತಲೆಯ ಮೇಲೆ ಝಗಝಗಿಸುವ ಚಿನ್ನದ ಕೊಡೆ. ದರ್ಜಿಯ ಕಣ್ಣಿಂದ ನೀರು ಇಳಿಯುತ್ತಿತ್ತು. ಇದಕ್ಕಾಗಿ ಓದು ಕಳೆದುಕೊಂಡೆ, ಇವತ್ತು ಮತ್ತೆ ಸಿಕ್ಕಿತು ಎಂದ.

ಅದೇ ಹೊತ್ತಿಗೆ ಬೀದಿಯ ಕಂಬಕ್ಕೆ ಏಣಿ ತಾಗಿದ ಸದ್ದು ಕೇಳಿಸಿತು. ಆ ಸದ್ದು ಆರಿಸಪ್ಪನಿಗೆ ಗೊತ್ತಿಲ್ಲದ್ದಲ್ಲ. ಕಚೇರಿಯ ಲೈನ್‌ಮನ್, ಇವನ ಜೊತೆಯವನೇ. ಕಂಬದ ಮೇಲೆ ತಂತಿಯ ಜೋಡಣೆ ಸುಟ್ಟಿದೆ, ಬೀದಿಯ ಕರೆಂಟು ತೆಗೆದು ರಿಪೇರಿ ಮಾಡಬೇಕು ಎನ್ನುತ್ತಿದ್ದ. ಅಕ್ಕ, ಒಳ್ಳೇದೇ ಆಯಿತು ತಮ್ಮ, ಕರೆಂಟು ಹೋಯಿತು ಎಂದುಬಿಡು, ನಿನ್ನ ತಪ್ಪೇನೂ ಇಲ್ಲ ಎಂದರು. ಆರಿಸಪ್ಪನಿಗೆ ಮುಖದ ಮೇಲೆ ಬಿದ್ದ ಟಾರ್ಚಿನ ಬೆಳಕು ನೆನಪಾಯಿತು. ಲೋಕದಲ್ಲಿ ಎಲ್ಲಿ ಕತ್ತಲಾದರೂ ಅತ್ತೆ ಮೊದಲು ನೋಡುವುದು ತನ್ನ ಕೈಯನ್ನು. ಅವನು ಸೂಜಿ ದಾರ ಸಮೇತ ಬೀದಿಗೆ ಓಡಿದ.

ಲೈನ್‌ಮನ್ ಆಗಲೇ ಅರ್ಧ ಏರಿದ್ದ. ಆರಿಸಪ್ಪ ಏಣಿಯ ಕಾಲು ತಬ್ಬಿಕೊಂಡ. "ಆರಿಸಬೇಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ."

"ಯಾರು, ನೀನಾ ಅಣ್ಣ ಇದನ್ನ ಹೇಳ್ತಿರೋದು?" ಲೈನ್‌ಮನ್ ಕೆಳಗಿಳಿದು ಬಂದು ಅವನ ಹಣೆ ಮುಟ್ಟಿ ನೋಡಿದ. ಜ್ವರ ಇರಲಿಲ್ಲ. ಕಚೇರಿಯ ದೀಪಗಳನ್ನು ಕೆಲಸದ ನಡುವೆಯೇ ಆರಿಸಿ ಎಲ್ಲರನ್ನೂ ಕತ್ತಲಲ್ಲಿ ಕೂರಿಸುತ್ತಿದ್ದ ಮನುಷ್ಯ ಕರೆಂಟಿಗಾಗಿ ಕಣ್ಣೀರು ಹಾಕುವುದನ್ನು ಅವನು ಇದೇ ಮೊದಲು ನೋಡಿದ್ದು. ಕೊನೆಗೆ, ಬೇರೆ ಬೀದಿಗಳ ಕೆಲಸ ಮುಗಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ, ಅದಕ್ಕಿಂತ ತಡೆದರೆ ತಂತಿ ಉರಿದುಹೋಗುತ್ತದೆ, ಅಷ್ಟರಲ್ಲಿ ನಿನ್ನ ಕೆಲಸ ಮುಗಿಸಿಕೋ ಎಂದು ಏಣಿ ಹೊತ್ತುಕೊಂಡು ಹೋದ.

ಒಂದು ಹುಳುವನ್ನೂ ಸೋಕಿಸದೆ ದರ್ಜಿ ಕೊಡೆಯನ್ನು ಆರನೇ ತೋಟದಿಂದ ಹೊರಗೆ ತಂದ. ಏಳನೇ ಕೋಟೆಯ ಬಾಗಿಲಲ್ಲಿ ಮಾಲಿಯನ್ನು ನಿಲ್ಲಿಸಿ ಆಟ ತಡೆದ. ಆರಿಸಪ್ಪ ಹಾಸುಬಟ್ಟೆಯನ್ನು ಮೊದಲಿದ್ದ ಹಾಗೆಯೇ, ಮಡಿಕೆ ಮಡಿಕೆ ನೋಡಿ ಹೊದಿಸಿದ. ಒಳಗೆ ಹೋಗಿ ಕೋಟೆ ಗೆಲ್ಲುತ್ತೇನೆಂದು ದರ್ಜಿ ಹಟ ಹಿಡಿದದ್ದಕ್ಕೆ, ಸಂಜೆ ಅತ್ತೆ ಆಡುವಾಗ ಕಿಟಕಿಯಿಂದ ನೋಡುವೆಯಂತೆ ಎಂದು ಸಮಾಧಾನ ಹೇಳಿ ಕಳಿಸಿದ. ಕೋಟುಗಳಿಗೆ ಗುಂಡಿ ಬಿದ್ದಿದ್ದವು. ಕೆಲವಕ್ಕೆ ಗುಂಡಿ ತೂರಿಸುವ ಕಾಜಾ ಇದ್ದ ಕಡೆಗೇ ಗುಂಡಿ ಬಿದ್ದಿತ್ತು, ಅದು ಆಮೇಲೆ ಗೊತ್ತಾಯಿತು.

ಸಂಜೆ ಬಾಗಿಲ ಹತ್ತಿರ ಹೆಂಗಸರ ದನಿ ಕೇಳಿದಾಗ ಆರಿಸಪ್ಪ ಜೇಬಲ್ಲಿ ಕೈಯಿಟ್ಟು ಎದೆ ಸೆಟೆಸಿ ನಿಂತಿದ್ದ. ಅತ್ತೆ ಒಳಗೆ ಕಾಲಿಡುವ ಮೊದಲೇ ಜೋರಾಗಿ ಮಾತಾಡುತ್ತಿದ್ದರು. ತಮ್ಮ ಅಳಿಯನ ಕೈ ಎಲ್ಲರಿಗೂ ಗೊತ್ತಲ್ಲ, ಏನು ಮಾಡಿಟ್ಟಿದ್ದಾನೋ, ಆರಿಹೋಗಿದ್ದರೆ ತಾನು ಜವಾಬ್ದಾರಳಲ್ಲ, ಪಾಪ ನೀವೆಲ್ಲ ಇಷ್ಟು ದೂರ ಬಂದಿರಿ ಎನ್ನುತ್ತಿದ್ದರು.

"ಆರಿಸಿಲ್ಲ ಅತ್ತೆ" ಎಂದ ಆರಿಸಪ್ಪ.

ಅತ್ತೆ ನಿಂತಲ್ಲೇ ನಿಂತರು. "ಆರಿಸಿಲ್ವಾ?"

ಪೋಸ್ಟಮ್ಮ ಮುಂದೆ ಬಂದು ಹಾಸುಬಟ್ಟೆ ಎಳೆದರು. ಏಳನೇ ಕೋಟೆ, ಎತ್ತರದ ಮಾಲಿ, ತಲೆಯ ಮೇಲೆ ಚಿನ್ನದ ಕೊಡೆ. ಗೆಳತಿಯರೆಲ್ಲ ಬಾಯಿ ಮೇಲೆ ಕೈಯಿಟ್ಟುಕೊಂಡರು. ಪೋಸ್ಟಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, ನಿಜವೇ ಹೇಳಿದ್ದಿರಿ, ಒಪ್ಪಿದೆ, ಇನ್ನು ಆಡಿ ತೋರಿಸಿ ಎಂದು ಕುರ್ಚಿ ಎಳೆದು ಕೂತರು. ಹೊಗಳಿಕೆಯ ಮಾತು ಬರುತ್ತದೆಂದು ಆರಿಸಪ್ಪ ಅತ್ತೆಯ ಮುಖ ನೋಡಿದ. ಆ ಮುಖದಲ್ಲಿ ಅವನು ಎಂದೂ ಕಾಣದ್ದು ಕಂಡಿತು. ಅತ್ತೆ ಹೆದರಿದ್ದರು.

ಎಲ್ಲರಿಗೂ ನೀರು ಕೊಡಬೇಕು ಬನ್ನಿ ಎಂದು ಅವನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ಆ ಕೊಡೆ ಎಲ್ಲಿಂದ ಬಂತು?"

"ನೀವೇ ಅಲ್ವಾ ಅತ್ತೆ, ಕೈಯಲ್ಲಿ ಇದೆ ಅಂದಿದ್ದು?"

"ನನ್ನ ಜನ್ಮದಲ್ಲಿ ನಾನು ಎರಡನೇ ತೋಟ ದಾಟಿಲ್ಲ." ಅತ್ತೆ ಬಾಗಿಲ ಸಂದಿನಿಂದ ಹಜಾರದ ಕಡೆ ನೋಡಿಕೊಂಡರು. "ಬೆಳಗ್ಗೆ ಆ ಬಟ್ಟೆ ಕೆಳಗೆ ಮಾಲಿ ಟೋಪಿ ಎತ್ತುತ್ತಾ ನಿಂತಿದ್ದ, ಅಷ್ಟೇ. ಫ್ಯಾನ್ ಯಾಕೆ ಬಿಟ್ಟು ಹೋದೆ? ಸ್ವಿಚ್ಚು ಯಾಕೆ ಅಷ್ಟು ಸಲ ತೋರ್ಸಿದೆ? ಕಂಡಿದ್ದನ್ನೆಲ್ಲ ಆರಿಸೋರು ನೀವು, ಆರಿಸ್ಬೇಕಾಗಿದ್ದ ಒಂದು ದಿನ ಯಾಕೆ ಆರಿಸ್ಲಿಲ್ಲ?"

ಆರಿಸಪ್ಪನಿಗೆ ಬೆಳಗಿನಿಂದ ಚುಚ್ಚಿಸಿಕೊಂಡ ಬೆರಳುಗಳೆಲ್ಲ ಒಟ್ಟಿಗೇ ಉರಿದವು. ಆರಿಸಿದೆ ಅತ್ತೆ, ನೀವು ಬಯಸಿದ ಹಾಗೇ ಆರಿಸಿದೆ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಜಾರದಿಂದ ಪೋಸ್ಟಮ್ಮ ಕರೆದರು, ಎಲ್ಲಿ ಹೋದಿರಿ, ಬನ್ನಿ, ಕತ್ತಲಾಗುತ್ತಾ ಬಂತು ಎಂದು.

"ಹೋಗಿ ಆರ್ಸಿ" ಎಂದರು ಅತ್ತೆ.

"ಆರಿಸಿದ್ರೆ ಮನೆ ಬಿಡಬೇಕು ಅಂದಿದ್ರಿ."

"ಅದನ್ನ ಆಮೇಲೆ ನೋಡೋಣ. ಮೊದಲು ನನ್ನ ಮಾನ ಉಳಿಸಿ, ಅಳಿಯಂದ್ರೇ."

ಅವನು ಹಜಾರಕ್ಕೆ ಬಂದ. ಕಿಟಕಿಯಲ್ಲಿ ದರ್ಜಿ, ಅಕ್ಕ, ಅವರ ಹಿಂದೆ ಅರ್ಧ ಬೀದಿ. ಕೊಡೆ ಝಗಝಗಿಸುತ್ತಿತ್ತು. ಬೋರ್ಡಿನ ಮುಂದೆ ಬಂದು ನಿಂತರೆ, ಆಯುಷ್ಯದಲ್ಲಿ ಮೊದಲ ಸಲ ಆ ಅಂಗೈ ಮೇಲೇಳಲಿಲ್ಲ. ಎಡಗೈಯಿಂದ ಬಲಗೈ ಹಿಡಿದೆತ್ತಿ ಬೋರ್ಡಿನ ಮೇಲಿಟ್ಟು, ಕಣ್ಣು ಮುಚ್ಚಿ ಸವರಿದ.

ಫ್ಯಾನು, ದೀಪ, ಮಾಲಿ, ಕೊಡೆ ಎಲ್ಲ ಹೋಯಿತು. ಕಿಟಕಿಯಿಂದ ದರ್ಜಿ ಹೆತ್ತ ಮಗುವನ್ನು ಕಳೆದುಕೊಂಡವನ ಹಾಗೆ ಕೂಗಿಕೊಂಡ. ಅತ್ತೆ ಹಣೆ ಚಚ್ಚಿಕೊಂಡು ಅಡುಗೆಮನೆಯಿಂದ ಬಂದರು. ನನ್ನ ಕೊಡೆ, ತಿಂಗಳುಗಟ್ಟಲೆ ಕಷ್ಟಪಟ್ಟು ಸಂಪಾದಿಸಿದ ಕೊಡೆ ಎಂದು ಅವರು ಗೋಳಾಡಿದ್ದು ಎಷ್ಟು ಚೆನ್ನಾಗಿತ್ತೆಂದರೆ ಆರಿಸಪ್ಪನಿಗೇ ಒಂದು ಗಳಿಗೆ ಅವರ ಮೇಲೆ ಮರುಕ ಬಂತು. ಗೆಳತಿಯರು ಸುತ್ತುವರಿದು ಬೆನ್ನು ಸವರಿದರು. ನಾವೆಲ್ಲ ಕಣ್ಣಾರೆ ಕಂಡೆವಲ್ಲ, ನಿಮ್ಮಂಥ ಆಟಗಾರ್ತಿ ಈ ಊರಲ್ಲೇ ಇಲ್ಲ ಎಂದರು ಪೋಸ್ಟಮ್ಮ. ಅಷ್ಟಕ್ಕೇ ಬಿಡಬಹುದಿತ್ತು. ಆಕೆ ಯಾವ ಮಾತನ್ನೂ ಮುದ್ರೆ ಒತ್ತದೆ ಬಿಟ್ಟವರಲ್ಲ.

"ಅವತ್ತು ಮೀನು ಸತ್ತಾಗ ಗಂಟುಮೂಟೆ ಕಟ್ಟಿ ಅಂದಿದ್ರಲ್ಲ?"

ಎಲ್ಲರೂ ಅತ್ತೆಯನ್ನು ನೋಡಿದರು. ಆರಿಸಪ್ಪನೂ ನೋಡಿದ. ಅತ್ತೆ ಗೋಡೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು, "ಕಟ್ಟಿ, ಅಳಿಯಂದ್ರೇ."

ಸೂಟ್‌ಕೇಸು ಹಿಡಿದು ಗೇಟಿಗೆ ಬಂದಾಗ ಹೆಂಡತಿ ಆಸ್ಪತ್ರೆಯಿಂದ ಬರುತ್ತಿದ್ದಳು. ಏನು ಮಾಡಿದಿರಿ ಎಂದು ಕೇಳಿದಳು. ಆರಿಸಿದೆ ಎಂದ. ಆರಿಸಬೇಡಿ ಅಂದಿದ್ದರಲ್ಲ ಅಮ್ಮ ಎಂದು ಅವಳು ಉಸಿರುಬಿಟ್ಟು, ಭಾನುವಾರ ಬರುತ್ತೇನೆ ಎಂದು ಒಳಗೆ ಹೋದಳು. ಆರಿಸಪ್ಪ ಬೀದಿದೀಪದ ಕೆಳಗೆ ಒಬ್ಬನೇ ನಿಂತ. ದರ್ಜಿ ಮಾತು ಬಿಟ್ಟಿದ್ದ. ಅಕ್ಕ ಕಿಟಕಿ ಹಾಕಿಕೊಂಡಿದ್ದರು. ಅವನಿಗೆ ಗಟ್ಟಿಯಾಗಿ ಅಳಬೇಕೆನಿಸಿತು.

ತಲೆಯ ಮೇಲಿನ ದೀಪ ಆರಿತು. ಅದರ ಹಿಂದೆಯೇ ಅತ್ತೆಯ ಮನೆ, ಅಕ್ಕನ ಮನೆ, ಸಾಲು ಮನೆಗಳು ಬೀದಿಯ ತುದಿಯವರೆಗೂ ಕತ್ತಲಾದವು. ಕಂಬದ ಮೇಲಿಂದ ದನಿ ಬಂತು.

"ಅಣ್ಣ, ನೀನು ಹೇಳ್ದೆ ಅಂತ ಇಷ್ಟು ಹೊತ್ತು ಬಿಟ್ಟಿದ್ದೆ. ಈಗ ತೆಗೆದಿದೀನಿ, ನಿನ್ನ ಕೆಲಸ ಆಯ್ತು ತಾನೆ?"

ಆರಿಸಪ್ಪ ಸೂಟ್‌ಕೇಸಿನ ಮೇಲೆ ಕುಸಿದು ಕೂತ. ಅಡುಗೆಮನೆಯಲ್ಲಿ ಒಂದು ಲೋಟ ನೀರು ನಿಧಾನವಾಗಿ ಕುಡಿದಿದ್ದರೆ ಸಾಕಿತ್ತು. ಎಲ್ಲರ ಕಣ್ಣೆದುರಿಗೆ, ಅವನ ಎರಡೂ ಕೈ ಲೋಟದ ಮೇಲಿರುವಾಗಲೇ, ಕರೆಂಟು ತಾನಾಗಿ ಹೋಗಿರುತ್ತಿತ್ತು. ಅತ್ತೆಯ ಮಾನವೂ ಉಳಿಯುತ್ತಿತ್ತು, ಅವನ ಮನೆಯೂ ಉಳಿಯುತ್ತಿತ್ತು.

ಕತ್ತಲಲ್ಲಿ ಬಾಗಿಲು ತೆರೆದ ಸದ್ದಾಯಿತು. ಮೆಟ್ಟಿಲಿಳಿದು ಟಾರ್ಚಿನ ಬೆಳಕೊಂದು ಗೇಟಿನವರೆಗೆ ಬಂತು, ಅವನ ಮುಖದ ಮೇಲೆ ನಿಂತಿತು. ಹಿಂದೆ ವಾಕಿಂಗ್ ಗೆಳತಿಯರ ನೆರಳುಗಳು.

"ಅಳಿಯಂದ್ರೇ, ಕೈ ತೋರ್ಸಿ."

ಅವನು ಜೇಬಿನಿಂದ ಕೈ ತೆಗೆದು ತೋರಿಸಿದ.